ಗರ್ಭಿಣಿಯ ಊಟದಲ್ಲಿ ಹೊಸ ಬೆಳೆ

ಭಾದ್ರಪದದಲ್ಲಿ ತಿಕೋಟಾ, ಬಬಲೇಶ್ವರ ಭಾಗದ ಹೊಲಗಳಿಂದ ಹೆಸರು ಮನೆ ಸೇರುತ್ತದೆ. ಹಿಂದೆಯೇ ಸಜ್ಜೆಯ ರಾಶಿ. ಪುಂಡಿ, ಮೆಂತ್ಯ, ರಾಜಗಿರಿ ಪಲ್ಲೆಗಳು ಹಿತ್ತಲಿನಲ್ಲಿಯೂ ವಿಜಯಪುರ ನಗರದ ಸಂತೆಯಲ್ಲಿಯೂ ದೊರೆಯುತ್ತವೆ. ಸೀಗಿ ಹುಣ್ಣಿಮೆಯಂದು ಭೂಮಿತಾಯಿಯನ್ನು ಗರ್ಭವತಿಯೆಂದು ಭಾವಿಸಿ ಎಡೆ ಅರ್ಪಿಸುತ್ತೇವೆ. ಆದರೆ ಅನೇಕ ಮನೆಗಳಲ್ಲಿ ಬಸುರಿ ಸೊಸೆಯು ಎಲ್ಲರೂ ಉಂಡ ಬಳಿಕ ಉಳಿದುದನ್ನು ಉಣ್ಣುತ್ತಾಳೆ. ಅವಳಿಗೆ ಮೊದಲು ಬಡಿಸಿರಿ.

ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣಾಂಶವಿದೆ. ಆದರೂ ಧಾನ್ಯ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶದ ಸ್ವಲ್ಪ ಭಾಗವನ್ನು ಮಾತ್ರ ಶರೀರವು ಹೀರಿಕೊಳ್ಳುತ್ತದೆ. ಆದುದರಿಂದ ಸಜ್ಜೆರೊಟ್ಟಿ, ಪಲ್ಲೆಯೊಡನೆ ಮೊಳಕೆ ಬಂದ ಹೆಸರಿಗೆ ಲಿಂಬೆರಸ ಹಿಂಡಿ ಕೊಡಬೇಕು. ಲಿಂಬೆಯ 'ಸಿ' ಜೀವಸತ್ವವು ಕಬ್ಬಿಣಾಂಶವನ್ನು ರಕ್ತಗತ ಮಾಡಲು ನೆರವಾಗುತ್ತದೆ. ಇಂಡಿಯಲ್ಲಿ ಹೇರಳವಾಗಿ ಬೆಳೆಯುವ ಈ ಹಣ್ಣಿಗಾಗಿ ನಾವು ದೂರ ಹೋಗಬೇಕಿಲ್ಲ. ರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿರಿ. ಊಟದೊಡನೆ ಚಹಾ ಸೇವಿಸಿದರೆ ಈ ಲಾಭವು ಕುಂದುವುದು. ಒಂದು ಗಂಟೆಯಾದರೂ ತಡೆಯಿರಿ.

ಆಹಾರವೊಂದೇ ಸಾಲದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸೇವಿಸಬೇಕು. ಮಲವು ಕಪ್ಪಾಗುವುದು ಸಹಜ. ಅದಕ್ಕೆ ಅಂಜಿ ಮಾತ್ರೆ ಬಿಡಬಾರದು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆಯೂ ಮಾತ್ರೆಯೂ ಉಚಿತ.