ಬಗ್ ಕಂಡಿತೇ? ಬರೆದಿಡಿ!

‘ಅನುಭವ ಇದೆಯಾ?’

ಮೊದಲ ಸಂದರ್ಶನದಲ್ಲಿ ಈ ಪ್ರಶ್ನೆ ಕೇಳಿ ತಲೆ ತಗ್ಗಿಸಿದ್ದೆ. ಎರಡನೆಯದರಲ್ಲಿ ತಗ್ಗಿಸಲಿಲ್ಲ. ನಡುವೆ ನಾನು ಹೊಸ ಕೋರ್ಸ್ ಏನೂ ಮಾಡಿರಲಿಲ್ಲ. ಒಂದು ಬಗ್ ವರದಿ ಬರೆದಿದ್ದೆ, ಅಷ್ಟೇ.

ಕಾಲೇಜಿನ ಪ್ರಾಜೆಕ್ಟನ್ನು ಉಚಿತ ತಂತ್ರಾಂಶವೊಂದರಲ್ಲಿ ಕನ್ನಡದಲ್ಲೇ ಟೈಪ್ ಮಾಡಿದ್ದೆ. ಪಿಡಿಎಫ್ ಮಾಡಿದರೆ ‘ಕಾರ್ಯಕ್ರಮ’ದ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂರುತ್ತಿತ್ತು. ಆ ತಂತ್ರಾಂಶದ ಬಗ್ ಟ್ರ್ಯಾಕರ್, ಅಂದರೆ ದೋಷಗಳನ್ನು ದಾಖಲಿಸುವ ಪಟ್ಟಿ, ಎಲ್ಲರಿಗೂ ತೆರೆದಿತ್ತು. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡೆ.

ಮರುದಿನವೇ ಪ್ರಶ್ನೆಗಳು ಬಂದವು. ಯಾವ ಆವೃತ್ತಿ? ಯಾವ ಫಾಂಟ್? ಏನೇನು ಮಾಡಿದರೆ ಹೀಗಾಗುತ್ತದೆ? ಹೇಗೆ ಕಾಣಬೇಕಿತ್ತು? ಉತ್ತರ ಹುಡುಕಲು ಎರಡು ಸಂಜೆ ಹಿಡಿಯಿತು. ಫಾಂಟ್ ಬದಲಿಸಿದೆ, ಹಳೆಯ ಆವೃತ್ತಿ ಹಾಕಿ ನೋಡಿದೆ, ಚಿತ್ರ ಸಮೇತ ಬರೆದೆ. ಕೊನೆಗೆ ನನ್ನ ವರದಿಯನ್ನು ‘ಡುಪ್ಲಿಕೇಟ್’ ಎಂದು ಮುಚ್ಚಿದರು! ಅದೇ ದೋಷವನ್ನು ಇನ್ನೊಬ್ಬರು ಮೊದಲೇ ಬರೆದಿದ್ದರು. ಆದರೆ ಅಲ್ಲಿ ಇಲ್ಲದ ವಿವರ ನನ್ನದರಲ್ಲಿತ್ತು. ಎರಡನ್ನೂ ಜೋಡಿಸಿದ ಮೇಲೆ ಕೆಲಸ ಮುಂದೆ ಸಾಗಿತು.

ತಪ್ಪನ್ನು ಮುಚ್ಚಿಡುವುದೇ ಜಾಣತನ ಎಂದುಕೊಂಡವರು ನಾವು. ಆದರೆ ಲಿನಕ್ಸ್ ಆಧಾರಿತ ಡೆಬಿಯನ್ ರೂಪಿಸುವ ಬಳಗ, ದೋಷಗಳ ಪಟ್ಟಿಯನ್ನು ಸದಾ ತೆರೆದಿಡುವುದಾಗಿ 1997ರಲ್ಲೇ ತನ್ನ ‘ಸಾಮಾಜಿಕ ಒಪ್ಪಂದ’ದಲ್ಲಿ ಮಾತು ಕೊಟ್ಟಿತು. ಮೊಜಿಲ್ಲಾದ ‘ಬಗ್‌ಜಿಲ್ಲಾ’ 1998ರಲ್ಲಿ ಶುರುವಾಯಿತು. ಫೈರ್‌ಫಾಕ್ಸ್ ದೋಷಗಳು ಇಂದಿಗೂ ಅಲ್ಲೇ ದಾಖಲಾಗುತ್ತವೆ. ಕಳ್ಳರಿಗೆ ದಾರಿಯಾಗಬಲ್ಲ ಭದ್ರತಾ ದೋಷಗಳನ್ನು ಮಾತ್ರ ಸರಿಪಡಿಸುವವರೆಗೆ ಗುಟ್ಟಾಗಿಡುತ್ತಾರೆ. ಉಳಿದದ್ದನ್ನು ಯಾರು ಕಂಡರು, ಯಾರು ತಿದ್ದಿದರು, ಏಕೆ ತಡವಾಯಿತು ಎಂಬುದೆಲ್ಲ ಯಾರು ಬೇಕಾದರೂ ಓದಬಹುದು.

ಎರಡನೇ ಸಂದರ್ಶನದಲ್ಲಿ ಆ ಪುಟವನ್ನೇ ತೆರೆದು ತೋರಿಸಿದೆ. ಸಂದರ್ಶಕರು ನನ್ನ ಅಂಕಪಟ್ಟಿ ಬದಿಗಿಟ್ಟು ಅದರ ಬಗ್ಗೆಯೇ ಕೇಳುತ್ತಾ ಹೋದರು. ಆ ಕೆಲಸ ಸಿಗಲಿಲ್ಲ, ನಿಜ. ಆದರೆ ‘ಅನುಭವ ಇಲ್ಲ’ ಎಂದು ಯಾರೂ ಹೇಳಲಿಲ್ಲ.

ಗೆಳೆಯರೇ, ನೀವು ದಿನವೂ ಬಳಸುವ ಮುಕ್ತ ತಂತ್ರಾಂಶದಿಂದಲೇ ಶುರು ಮಾಡಿ. ದೋಷ ಕಂಡರೆ ಮೊದಲು ಟ್ರ್ಯಾಕರ್‌ನಲ್ಲಿ ಹುಡುಕಿ. ಇಲ್ಲದಿದ್ದರೆ ಏನು ಮಾಡಿದಿರಿ, ಏನಾಯಿತು, ಏನಾಗಬೇಕಿತ್ತು ಎಂದು ಬರೆಯಿರಿ. ಕೋಡಿಂಗ್ ಬಲ್ಲವರು ‘ಗುಡ್ ಫಸ್ಟ್ ಬಗ್’ ಎಂದು ಗುರುತಿಸಿದವನ್ನು ತಿದ್ದಲು ಯತ್ನಿಸಿ. ಇದಕ್ಕೆ ಶುಲ್ಕವಿಲ್ಲ, ಶಿಫಾರಸೂ ಬೇಡ.