ಕರ್ತೃ ಕಾಣದ ವಾಕ್ಯ

ಇಂಗ್ಲಿಷಿನ ಭೂತಕಾಲದ ಕರ್ಮಣಿ ಪ್ರಯೋಗವೆಂದರೆ ನಮ್ಮಲ್ಲಿ ಅನೇಕರಿಗೆ ಪರೀಕ್ಷೆಯ ಒಂದೆರಡು ಅಂಕಗಳ ಮಾತು. ನನಗೂ ಹಾಗೆಯೇ ಇದ್ದಿತು. ಕಳೆದ ಬೇಸಗೆಯಲ್ಲಿ ನಮ್ಮ ತಂದೆಯವರಿಗೆ ಒಂದು ಕಛೇರಿಯಿಂದ ಕಾಗದ ಬಂದಿತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ‘ಯುವರ್ ಅಪ್ಲಿಕೇಷನ್ ವಾಸ್ ರಿಜೆಕ್ಟೆಡ್’ ಎಂದಿತ್ತು. ಅರ್ಥ ಹೇಳಿದೆ. “ಯಾರು ಮಾಡಿದ್ದು?” ಎಂದರು ತಂದೆಯವರು. ಮತ್ತೆರಡು ಸಲ ಓದಿದೆ, ಯಾರೆಂಬುದು ಅದರಲ್ಲಿರಲಿಲ್ಲ.

ಸೂತ್ರವೇನೋ ಸುಲಭ. ಕರ್ತರಿಯಲ್ಲಿ ಕರ್ಮವಾಗಿದ್ದುದು ಕರ್ತೃಸ್ಥಾನಕ್ಕೆ ಬರುತ್ತದೆ. ಅದರ ಮುಂದೆ ‘ವಾಸ್’ ಅಥವಾ ‘ವರ್’, ಬಳಿಕ ಕ್ರಿಯಾಪದದ ಮೂರನೆಯ ರೂಪ. ಮಾಡಿದವನನ್ನು ‘ಬೈ’ ಎಂಬ ಬಾಲಕ್ಕೆ ಕಟ್ಟುತ್ತಾರೆ. ಬಾಲವನ್ನು ಕತ್ತರಿಸಿದರೂ ವಾಕ್ಯ ಪೂರ್ಣವೇ. ವಾಸ್ತವವಾಗಿ ಬಳಕೆಯಲ್ಲಿ ಬಾಲವಿಲ್ಲದವೇ ಹೆಚ್ಚು.

ನಾವು ಎಡವುವುದು ‘ವಾಸ್’, ‘ವರ್’ಗಳಲ್ಲಿ. ಕನ್ನಡದಲ್ಲಿ ‘ಅರ್ಜಿಯನ್ನು ತಿರಸ್ಕರಿಸಲಾಯಿತು’ ಎಂದು ಬರೆಯುತ್ತೇವೆ. ಇಲ್ಲಿ ಅರ್ಜಿ ದ್ವಿತೀಯಾ ವಿಭಕ್ತಿಯನ್ನು ಬಿಟ್ಟಿಲ್ಲ, ಕರ್ಮವಾಗಿಯೇ ಉಳಿದಿದೆ. ಆದ್ದರಿಂದ ಅರ್ಜಿ ಒಂದಿರಲಿ, ನೂರಿರಲಿ, ‘ಲಾಯಿತು’ ಅಲುಗದು. ಇಂಗ್ಲಿಷಿನಲ್ಲಿಯಾದರೋ ಅರ್ಜಿಯೇ ಯಜಮಾನ. ಒಂದಕ್ಕೆ ‘ವಾಸ್’, ಹಲವಕ್ಕೆ ‘ವರ್’. ಇದನ್ನರಿಯದೆ ‘ಅಪ್ಲಿಕೇಷನ್ಸ್ ವಾಸ್ ರಿಜೆಕ್ಟೆಡ್’ ಎಂದು ಬರೆದು ಕೆಂಪು ಶಾಯಿ ಕಂಡವರಲ್ಲಿ ನಾನೂ ಒಬ್ಬ. ‘ತಿರಸ್ಕರಿಸಲ್ಪಟ್ಟವು’ ಎಂಬುದು ಇಂಗ್ಲಿಷಿಗೆ ಹತ್ತಿರ, ವಚನಕ್ಕೂ ಹೊಂದುತ್ತದೆ. ಆದರೆ ಯಾರ ಮನೆಯಲ್ಲಿ ಹಾಗೆ ಮಾತನಾಡುತ್ತಾರೆ? ನಮ್ಮೂರಿನಲ್ಲಿ ‘ಅರ್ಜಿ ತಳ್ಳಿಹಾಕಿದರು’ ಎನ್ನುತ್ತಾರೆ. ಹೆಸರು ಇಲ್ಲದಿದ್ದರೂ ಆ ‘ದರು’ವಿನಲ್ಲಿ ಯಾರೋ ಮನುಷ್ಯರು ಇದ್ದಾರೆಂಬುದಾದರೂ ತಿಳಿಯುತ್ತದೆ.

ಕರ್ತೃವನ್ನು ಬಿಡುವುದೆಲ್ಲ ಕಪಟವಲ್ಲ. ‘ದಿ ಯೂನಿವರ್ಸಿಟಿ ಆಫ್ ಮೈಸೂರ್ ವಾಸ್ ಫೌಂಡೆಡ್ ಇನ್ ೧೯೧೬’ ಎಂಬಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಲ್ಲವೆಂದು ಯಾರೂ ಕೊರಗುವುದಿಲ್ಲ, ಹೇಳಬೇಕಾದುದು ಇಸವಿ. ‘ಮೈ ಸೈಕಲ್ ವಾಸ್ ಸ್ಟೋಲನ್’ ಎನ್ನುವವನಿಗೆ ಕಳ್ಳನೇ ಗೊತ್ತಿಲ್ಲ. ಬರೆದವನಿಗೆ ಗೊತ್ತಿದ್ದು ಓದುವವನಿಗೆ ಗೊತ್ತಾಗದಂತಿರುವುದು ಮೂರನೆಯ ಜಾತಿ. ನಮಗೆ ಬಂದ ಕಾಗದ ಆ ಜಾತಿಯದು.

ತಂದೆಯವರ ಪರವಾಗಿ ನಾನು ಕರ್ತರಿಯಲ್ಲಿಯೇ ಕೇಳಿ ಬರೆದೆ: ಯಾರು ತಿರಸ್ಕರಿಸಿದರು, ಏಕೆ? ತಿಂಗಳ ಮೇಲೆ ಉತ್ತರ ಬಂದಿತು: ‘ದಿ ಸರ್ವೆ ನಂಬರ್ ವಾಸ್ ನಾಟ್ ಮೆನ್ಷನ್ಡ್.’ ಸರ್ವೆ ನಂಬರು ನಮೂದಾಗಿರಲಿಲ್ಲವಂತೆ. ಯಾರು ನಮೂದಿಸಲಿಲ್ಲವೆಂದು ಇಲ್ಲಿಯೂ ಇರಲಿಲ್ಲ. ಈ ಸಲ ತಂದೆಯವರು ಕೇಳಲಿಲ್ಲ. ಅರ್ಜಿಯನ್ನು ತುಂಬಿದವನು ನಾನು.