ತಿಂದ ಅನ್ನದಲ್ಲಿ ಯಾವ ವಿಷ ಇತ್ತು? ಹೆಸರು ಪತ್ತೆಯಾಗೋದು ಹೀಗೆ

ಹರದನಹಳ್ಳಿ: 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ತಿಂದ 17 ಮಂದಿ ಪ್ರಾಣ ಕಳೆದುಕೊಂಡರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಪ್ರಸಾದಕ್ಕೆ ಬೆರೆತಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಅಂತ ಪ್ರಯೋಗಾಲಯದ ಪರೀಕ್ಷೆಯಲ್ಲಿ ಗೊತ್ತಾಯಿತು.

ಅನ್ನದಲ್ಲಿ ಕಲೆತುಹೋದ ವಿಷಕ್ಕೆ ಹೆಸರು ಹಚ್ಚುವುದು ಹೇಗೆ? ಇಂಥ ಕೆಲಸಕ್ಕೆ ಪ್ರಯೋಗಾಲಯಗಳು ಇವತ್ತು ಹೆಚ್ಚಾಗಿ ನಂಬುವುದು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವನ್ನು. ಆದರೆ ಈ ಯಂತ್ರ ಕೊಡೋದು ಬರೀ ಅಂಕಿಗಳನ್ನು. ಆ ಅಂಕಿ ಯಾವ ವಸ್ತುವಿನದು ಅಂತ ತಿಳಿಯಲು ಆನ್‌ಲೈನ್ ಡೇಟಾಬೇಸ್‌ಗಳು ಬೇಕು.

ಅಣು ತೂಗುವ ತಕ್ಕಡಿ

ಅಂಗಡಿಯ ತಕ್ಕಡಿ ಅರಿಶಿನದ ಮೂಟೆ ತೂಗುತ್ತೆ. ಈ ಯಂತ್ರ ಅಣುಗಳನ್ನು ತೂಗುತ್ತೆ. ಮೊದಲು ಮಾದರಿಯಲ್ಲಿರುವ ವಸ್ತುಗಳನ್ನು ಬೇರೆ ಬೇರೆ ಮಾಡುತ್ತಾರೆ. ಆಮೇಲೆ ಅಣುಗಳಿಗೆ ವಿದ್ಯುತ್ ಅಂಶ ಸೇರಿಸಿ ತೂಕ ನೋಡುತ್ತಾರೆ. ಮೊನೊಕ್ರೊಟೊಫಾಸ್ ಅಣುವಿನ ತೂಕ 223. ಯಂತ್ರದೊಳಗೆ ಒಂದು ಪ್ರೋಟಾನ್ ಅಂಟಿಕೊಂಡು 224 ಆಗುತ್ತೆ.

ಆದರೆ ಇಷ್ಟೇ ತೂಕದ ಬೇರೆ ವಸ್ತುಗಳೂ ಇರುತ್ತವೆ. ಅದಕ್ಕೇ ಅಣುವನ್ನು ಅನಿಲಕ್ಕೆ ಡಿಕ್ಕಿ ಹೊಡೆಸಿ ಒಡೆಯುತ್ತಾರೆ. ಒಂದೊಂದು ಅಣುವೂ ತನ್ನದೇ ರೀತಿಯಲ್ಲಿ ಒಡೆಯುತ್ತೆ. ಮೊನೊಕ್ರೊಟೊಫಾಸ್ ಒಡೆದಾಗ 193 ಮತ್ತು 127 ತೂಕದ ಚೂರುಗಳು ಕಾಣಿಸುತ್ತವೆ. ಈ ಚೂರುಗಳ ಸಾಲು ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ.

ಗುರುತುಗಳ ದಫ್ತರ

ಹೆಬ್ಬೆಟ್ಟು ಯಾರದು ಅಂತ ಹೇಳಬೇಕಾದರೆ ಮೊದಲೇ ದಾಖಲಾದ ಗುರುತುಗಳು ಇರಬೇಕು. ಡೇಟಾಬೇಸ್‌ಗಳ ಕೆಲಸ ಅದೇ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಮೆಟ್ಲಿನ್ 2005ರಲ್ಲಿ ಬಂತು. ಜಪಾನಿನ ವಿಜ್ಞಾನಿಗಳು 2006ರಲ್ಲಿ ಮಾಸ್‌ಬ್ಯಾಂಕ್ ಶುರು ಮಾಡಿದರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಎಚ್‌ಎಂಡಿಬಿ 2007ರಲ್ಲಿ ಬಂತು. ಮನುಷ್ಯನ ದೇಹದಲ್ಲಿ ಸಿಗುವ ವಸ್ತುಗಳ ಈ ಪಟ್ಟಿಯಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಮಾಸ್‌ಬ್ಯಾಂಕ್ ಮತ್ತು ಎಚ್‌ಎಂಡಿಬಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ದುಡ್ಡಿಲ್ಲದೆ ತೆರೆದು ನೋಡಬಹುದು.

ಇವುಗಳಲ್ಲಿ ವಿಷ ಮಾತ್ರ ಇಲ್ಲ. ನಮ್ಮ ಜಿಲ್ಲೆಯ ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕೂಡ ಇದೇ ಲೆಕ್ಕದಲ್ಲಿ ಸಿಗುತ್ತೆ. ಅದರ ಗುರುತು 369, ಒಡೆದಾಗ 177ರ ಚೂರು.

ಒಂದು ಚೂರು ನಂಬಿದರೆ ಎಡವಟ್ಟು

127ರ ಚೂರು ಕಂಡ ಕೂಡಲೇ ‘ಮೊನೊಕ್ರೊಟೊಫಾಸ್’ ಅಂತ ಬರೆಯೋ ಹಾಗಿಲ್ಲ. ಡೈಕ್ಲೋರ್‌ವಾಸ್, ಫಾಸ್ಫಾಮಿಡಾನ್ ಕೀಟನಾಶಕಗಳೂ ಒಡೆದಾಗ ಅದೇ 127 ಕೊಡುತ್ತವೆ. ಆದರೆ ಅವುಗಳ ಇಡೀ ಅಣುವಿನ ಗುರುತು 221 ಮತ್ತು 300. ಹಾಗಾಗಿ ಇಡೀ ತೂಕ, ಎಲ್ಲ ಚೂರುಗಳು, ಅವುಗಳ ಪ್ರಮಾಣ, ಎಲ್ಲವೂ ತಾಳೆಯಾಗಬೇಕು.

ದೇಹದೊಳಗೆ ಹೋದ ಮೇಲೆ ಕೆಲಸ ಇನ್ನೂ ಕಷ್ಟ. ದೇಹ ಈ ವಿಷವನ್ನು ಒಡೆದು ಡೈಮೀಥೈಲ್ ಫಾಸ್ಫೇಟ್ ಎಂಬ ವಸ್ತು ಮಾಡಿ ಮೂತ್ರದಲ್ಲಿ ಹೊರಹಾಕುತ್ತೆ. ಹೀಗೆ ದೇಹದಲ್ಲಿ ಉಂಟಾಗುವ ವಸ್ತುಗಳಿಗೆ ಮೆಟಬೊಲೈಟ್ ಅಂತಾರೆ. ಇದೇ ಗುಂಪಿನ ಬೇರೆ ಔಷಧಿಗಳೂ ಇದೇ ಮೆಟಬೊಲೈಟ್ ಬಿಡುತ್ತವೆ. ಅಂದರೆ ಇದೊಂದರಿಂದ ವಿಷದ ಕುಟುಂಬ ಗೊತ್ತಾಗುತ್ತೆ, ಹೆಸರು ಗೊತ್ತಾಗಲ್ಲ. ಉಳಿದ ಊಟ, ವಾಂತಿ, ಬಾಟಲಿ ಸಿಕ್ಕರೆ ಮಾತ್ರ ಮೂಲ ವಸ್ತು ಹಿಡಿಯೋದು ಸುಲಭ.

ಡೇಟಾಬೇಸ್ ತೋರಿಸುವ ಹೆಸರೂ ಬರೀ ಸುಳಿವು. ಆ ವಸ್ತುವಿನ ಶುದ್ಧ ಮಾದರಿಯನ್ನು ಅದೇ ಯಂತ್ರದಲ್ಲಿ ಹಾಕಿ, ಎರಡೂ ಒಂದೇ ಅಂತ ಕಂಡ ಮೇಲೆ ಹೆಸರು ಗಟ್ಟಿಯಾಗುತ್ತೆ. ದಾಖಲೆಯಲ್ಲೇ ಇಲ್ಲದ ವಸ್ತುವಾದರೆ ಹೊಂದಾಣಿಕೆಯೇ ಸಿಗಲ್ಲ.

ಅಂಗಡಿ, ಮನೆಗಳಲ್ಲಿ ಏನು ಮಾಡಬೇಕು?

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತರು. ಅಲ್ಲೂ ಅಡುಗೆ ಎಣ್ಣೆಯಲ್ಲಿ ಪತ್ತೆಯಾಗಿದ್ದು ಇದೇ ಮೊನೊಕ್ರೊಟೊಫಾಸ್. ಕೇಂದ್ರ ಸರ್ಕಾರ 2023ರಲ್ಲಿ ಮೊನೊಕ್ರೊಟೊಫಾಸ್ 36 ಎಸ್‌ಎಲ್‌ಗೆ ನಿಷೇಧದ ಆದೇಶ ಹೊರಡಿಸಿ, ಇದ್ದ ದಾಸ್ತಾನು ಖಾಲಿ ಮಾಡಲು ಕಾಲಾವಕಾಶ ಕೊಟ್ಟಿತ್ತು. ಹಳೇ ಬಾಟಲಿ ಮನೆಯ ಮೂಲೆಯಲ್ಲೋ ಅಂಗಡಿಯ ಅಟ್ಟದಲ್ಲೋ ಉಳಿದಿದ್ದರೆ ಇವತ್ತೂ ಅಪಾಯವೇ.

* ಬೆಳೆಗೆ ಹೊಡೆಯುವ ಔಷಧಿಯನ್ನು ಚೀಟಿ ಇಲ್ಲದ ಬಾಟಲಿಗೆ ಸುರಿದು ಮಾರಬಾರದು, ಕೊಳ್ಳಲೂಬಾರದು. ಚೀಟಿಯ ಮೇಲಿನ ಹೆಸರೇ ಪ್ರಯೋಗಾಲಯಕ್ಕೂ ಮೊದಲು ಸಿಗುವ ಸುಳಿವು.
* ಖಾಲಿ ಡಬ್ಬಕ್ಕೆ ಎಣ್ಣೆ, ನೀರು, ದಿನಸಿ ತುಂಬಬಾರದು. ತೊಳೆದರೂ ಬೇಡ.
* ವಿಷ ಸೇರಿದ ಅನುಮಾನ ಬಂದರೆ ಮೊದಲು ಆಸ್ಪತ್ರೆಗೆ ಓಡಬೇಕು. ವರದಿಗೆ ಕಾಯಬಾರದು. ವೈದ್ಯರೂ ಕಾಯಲ್ಲ. ಬೆವರು, ಜೊಲ್ಲು, ಸಣ್ಣಗಾದ ಕಣ್ಣಿನ ಪಾಪೆ ನೋಡಿ ಅಟ್ರೋಪಿನ್ ಶುರು ಮಾಡುತ್ತಾರೆ. ಬಾಟಲಿ ಸಿಕ್ಕರೆ ಜೊತೆಗೇ ಒಯ್ಯಬೇಕು.
* ಉಳಿದ ಊಟವನ್ನು ಚೆಲ್ಲಬಾರದು, ಪಾತ್ರೆ ತೊಳೆಯಬಾರದು. ದನ, ನಾಯಿ, ಕೋಳಿ ಮುಟ್ಟದ ಹಾಗೆ ಮುಚ್ಚಿಟ್ಟು ಪೊಲೀಸರಿಗೋ ಆರೋಗ್ಯ ಇಲಾಖೆಗೋ ಒಪ್ಪಿಸಬೇಕು.

ಯಾವ ಬೆಳೆಗೆ ಯಾವ ಔಷಧಿ, ಎಷ್ಟು ಅಂತ ಅನುಮಾನ ಇರುವ ರೈತರು ಹರದನಹಳ್ಳಿ ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.